ಕಾಣದ ಕಣಗಳಿಗೆ ಸಾಕ್ಷಿ ಏನು?

ನಿಮ್ಮ ಅಂಗೈಯನ್ನು ಆಕಾಶಕ್ಕೆ ಮುಖಮಾಡಿ ಒಂದು ನಿಮಿಷ ಹಿಡಿಯಿರಿ. ಅಷ್ಟರಲ್ಲಿ ಸುಮಾರು ನೂರು ಕಣಗಳು ಅದನ್ನು ತೂರಿಕೊಂಡು ಹೋಗಿರುತ್ತವೆ. ನೋವಿಲ್ಲ, ಗುರುತಿಲ್ಲ. ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ನಿಂತರೂ, ಭದ್ರಾವತಿಯ ಮನೆಯೊಳಗೆ ಕುಳಿತರೂ ಇವುಗಳಿಂದ ತಪ್ಪಿಸಿಕೊಳ್ಳಲಾಗದು. ಇವುಗಳ ಹೆಸರು ಮ್ಯೂಆನ್.

“ಕಣ್ಣಿಗೆ ಕಾಣದ್ದನ್ನು ನಂಬುವುದು ಹೇಗೆ?” ಎಂದು ನೀವು ಕೇಳಬಹುದು. ಕೇಳಲೇಬೇಕು. ಕ್ವಾರ್ಕ್, ಲೆಪ್ಟಾನ್, ಬೋಸಾನ್ ಎಂದು ಹೆಸರುಗಳನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಕಣಭೌತವಿಜ್ಞಾನ ಅರ್ಥವಾಗುವುದಿಲ್ಲ. ವಿಜ್ಞಾನಿಗಳಿಗೆ ಅದು ಹೇಗೆ ತಿಳಿಯಿತು ಎಂಬುದು ತಿಳಿದರೆ ಮಾತ್ರ ಅರ್ಥವಾಗುತ್ತದೆ.

ಕುಲುಮೆ ಕಲಿಸುವ ಪಾಠ

1923ರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಯಿತು. ಉರಿಯುವ ಊದುಕುಲುಮೆಯೊಳಗೆ ಇಳಿದು ನೋಡಿದವರು ಯಾರೂ ಇಲ್ಲ. ಆದರೂ ಹೊರಬರುವ ಕಬ್ಬಿಣ, ಕಿಟ್ಟ ಮತ್ತು ಅನಿಲಗಳನ್ನು ಪರೀಕ್ಷಿಸಿ, ಒಳಗೆ ಏನು ನಡೆಯುತ್ತಿದೆ ಎಂದು ಬಲ್ಲವರು ಹೇಳುತ್ತಾರೆ.

ಕಣಗಳ ವಿಷಯವೂ ಹಾಗೆಯೇ. ವಿದ್ಯುದಾವೇಶವುಳ್ಳ ಕಣವೊಂದು ಅನಿಲ ತುಂಬಿದ ಕೊಳವೆಯ ಮೂಲಕ ಸಾಗುವಾಗ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತದೆ. ಈ ಎಲೆಕ್ಟ್ರಾನುಗಳು ಕೊಳವೆಯ ನಡುವಿನ ತಂತಿಯತ್ತ ಧಾವಿಸಿದಾಗ ಒಂದು ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ. ಇಂಥ ಕೊಳವೆಗಳನ್ನು ಸಾಲುಸಾಲಾಗಿ ಜೋಡಿಸಿದರೆ, ಯಾವ ಯಾವ ಕೊಳವೆ ಸಂಕೇತ ನೀಡಿತು ಎಂಬುದರಿಂದ ಕಣ ಸಾಗಿದ ದಾರಿ ತಿಳಿಯುತ್ತದೆ.

ಭದ್ರಾವತಿ ತಲುಪಿದ ಬಸ್ಸು

ಅಂತರಿಕ್ಷದಿಂದ ಬರುವ ವಿಶ್ವಕಿರಣಗಳು ಗಾಳಿಗೆ ಬಡಿದಾಗ, ನೆಲದಿಂದ ಸುಮಾರು 15 ಕಿ.ಮೀ. ಎತ್ತರದಲ್ಲಿ ಮ್ಯೂಆನುಗಳು ಹುಟ್ಟುತ್ತವೆ. ಇದು ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಹೋಗುವ ದೂರಕ್ಕಿಂತ ಸ್ವಲ್ಪ ಕಡಿಮೆ. ಆದರೆ ಮ್ಯೂಆನಿನ ಸರಾಸರಿ ಆಯಸ್ಸು ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಕೇವಲ 2.2 ಭಾಗ. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ 660 ಮೀಟರ್ ಮಾತ್ರ ಕ್ರಮಿಸಬಹುದು. ಶಿವಮೊಗ್ಗ ಬಿಟ್ಟ ಬಸ್ಸಿನಲ್ಲಿ 660 ಮೀಟರಿಗಾಗುವಷ್ಟೇ ಡೀಸೆಲ್ ಇದ್ದೂ ಅದು ಭದ್ರಾವತಿ ತಲುಪಿದರೆ ನೀವು ಏನನ್ನುವಿರಿ?

ಇದಕ್ಕೆ ಉತ್ತರ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಲ್ಲಿದೆ. ಬೆಳಕಿನ ವೇಗಕ್ಕೆ ಸಮೀಪವಾಗಿ ಓಡುವ ಮ್ಯೂಆನಿನ ಗಡಿಯಾರ ನಮ್ಮ ಲೆಕ್ಕದಲ್ಲಿ ಬಹಳ ನಿಧಾನವಾಗಿ ನಡೆಯುತ್ತದೆ. ಆದ್ದರಿಂದಲೇ ಅದು ನಿಮ್ಮ ಅಂಗೈಯವರೆಗೆ ಬರುತ್ತದೆ. ಬಸ್ಸಿನ ಹೋಲಿಕೆ ಇಲ್ಲಿಗೆ ಮುಗಿಯಿತು. ಮ್ಯೂಆನಿಗೆ ಇಂಧನವೂ ಇಲ್ಲ, ಚಾಲಕನೂ ಇಲ್ಲ. ಹೋಲಿಕೆ ನಮ್ಮನ್ನು ಪ್ರಶ್ನೆಯವರೆಗೆ ಕರೆದೊಯ್ಯುತ್ತದೆ. ಮುಂದಿನ ದಾರಿಗೆ ಅಳತೆಯೇ ಬೇಕು.

ಕೋಲಾರದ ಆಳದಲ್ಲಿ

ಅಂಥ ಅಳತೆ ನಡೆದದ್ದು ನಮ್ಮ ನಾಡಿನಲ್ಲಿಯೇ. ಕೋಲಾರದ ಚಿನ್ನದ ಗಣಿಗಳ ಬೇರೆ ಬೇರೆ ಆಳಗಳಲ್ಲಿ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದಲ್ಲಿಯೇ ಮ್ಯೂಆನುಗಳನ್ನು ಎಣಿಸಿದ್ದರು. ಆಳಕ್ಕೆ ಇಳಿದಂತೆಲ್ಲ ಬಂಡೆ ಮ್ಯೂಆನುಗಳನ್ನು ತಡೆಯುತ್ತದೆ, ಎಣಿಕೆ ಕುಸಿಯುತ್ತದೆ. ಆದರೆ ನ್ಯೂಟ್ರಿನೊ ಎಂಬ ಕಣಕ್ಕೆ ಬಂಡೆಯ ಅಡ್ಡಿ ಇಲ್ಲವೇ ಇಲ್ಲ ಎನ್ನಬಹುದು. ಇಡೀ ಭೂಮಿಯನ್ನೇ ಅದು ದಾಟಿಬಿಡುತ್ತದೆ. ಎಲ್ಲೋ ಒಂದು ನ್ಯೂಟ್ರಿನೊ ಮಾತ್ರ ಬಂಡೆಗೆ ಡಿಕ್ಕಿ ಹೊಡೆದು ಮ್ಯೂಆನ್ ಒಂದನ್ನು ಹುಟ್ಟಿಸುತ್ತದೆ.

ವಿಜ್ಞಾನಿಗಳು 2.3 ಕಿ.ಮೀ. ಆಳದಲ್ಲಿ ಶೋಧಕಗಳನ್ನು ಗೋಡೆಯಂತೆ ನಿಲ್ಲಿಸಿದರು. ಮೇಲಿನಿಂದ ಬಾರದೆ ಪಕ್ಕದಿಂದ ಮ್ಯೂಆನ್ ಬಂದರೆ, ಅದು ಅಷ್ಟು ದಪ್ಪ ಬಂಡೆಯನ್ನು ದಾಟಿ ಬಂದಿರಲಾರದು. ನ್ಯೂಟ್ರಿನೊವೇ ಅದನ್ನು ಹತ್ತಿರದ ಬಂಡೆಯಲ್ಲಿ ಹುಟ್ಟಿಸಿರಬೇಕು. 1965ರಲ್ಲಿ ಅಂಥ ಕುರುಹುಗಳು ದೊರೆತವು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರೊಡನೆ ಇದನ್ನು ಪ್ರಕಟಿಸಿದರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ನಡೆದ ಪ್ರಯೋಗದ ವರದಿಯೂ ಅದೇ ವರ್ಷ ಹೊರಬಂತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳು ಮೊದಲು ಸಿಕ್ಕಿದ್ದು ಹೀಗೆ.

ಕಾಯುವ ಕಬ್ಬಿಣ

1980ರ ದಶಕದಲ್ಲಿ ಅದೇ ಗಣಿಯಲ್ಲಿ 140 ಟನ್ ತೂಕದ ಕಬ್ಬಿಣದ ಶೋಧಕ ಇನ್ನೊಂದು ಪ್ರಶ್ನೆ ಕೇಳಿತು: ಪ್ರೋಟಾನಿಗೂ ಸಾವಿದೆಯೆ? ಒಂದೇ ಪ್ರೋಟಾನನ್ನು ನೋಡುತ್ತ ಕುಳಿತರೆ ವಿಶ್ವದ ಆಯಸ್ಸೂ ಸಾಲದು. ನಿಮ್ಮ ಬೀದಿಯಲ್ಲಿ ಅವಳಿ ಮಕ್ಕಳು ಹುಟ್ಟಲು ಎಷ್ಟೋ ವರ್ಷ ಕಾಯಬೇಕಾದೀತು. ಶಿವಮೊಗ್ಗದ ಎಲ್ಲ ಆಸ್ಪತ್ರೆಗಳ ದಾಖಲೆ ನೋಡಿದರೆ ಬೇಗನೆ ಸಿಗುತ್ತದೆ. ಕಬ್ಬಿಣ ಬೇಕಾದದ್ದು ಇದಕ್ಕೇ. 140 ಟನ್ ಕಬ್ಬಿಣದಲ್ಲಿರುವ ಪ್ರೋಟಾನುಗಳ ಸಂಖ್ಯೆ, ಒಂದರ ಮುಂದೆ 31 ಸೊನ್ನೆ ಬರೆದರೆ ಬರುವ ಸಂಖ್ಯೆಗಿಂತಲೂ ಹೆಚ್ಚು.

ಪ್ರೋಟಾನ್ ಒಡೆದಂತೆ ತೋರುವ ಕೆಲವು ಕುರುಹುಗಳು ಅಲ್ಲಿ ಕಂಡವು. ಆದರೆ ಬೇರೆ ದೇಶಗಳ ದೊಡ್ಡ ಶೋಧಕಗಳಲ್ಲಿ ಅದಕ್ಕೆ ಸಮರ್ಥನೆ ಸಿಗಲಿಲ್ಲ. ಇಂದಿಗೂ ಪ್ರೋಟಾನ್ ಒಡೆದದ್ದಕ್ಕೆ ಎಲ್ಲರೂ ಒಪ್ಪುವ ಸಾಕ್ಷಿ ಇಲ್ಲ. ಇದನ್ನು ಸೋಲೆಂದು ಭಾವಿಸಬೇಡಿ. ಪ್ರೋಟಾನ್ ಕನಿಷ್ಠ ಎಷ್ಟು ಕಾಲ ಬಾಳುತ್ತದೆ ಎಂಬುದು ಇಂಥ ಪ್ರಯೋಗಗಳಿಂದಲೇ ತಿಳಿಯಿತು. ಗಣಿ 2001ರಲ್ಲಿ ಮುಚ್ಚಿತು. ವಾತಾವರಣದ ನ್ಯೂಟ್ರಿನೊಗಳ ಅಧ್ಯಯನ ಮಾತ್ರ ಮುಂದುವರಿಯಿತು. ಅವು ಸಾಗುತ್ತಲೇ ಬಗೆ ಬದಲಿಸುತ್ತವೆ ಎಂದು 1998ರಲ್ಲಿ ಜಪಾನಿನ ಪ್ರಯೋಗ ತೋರಿಸಿತು; ಅದಕ್ಕೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ನೀವು ಕೇಳಬೇಕಾದದ್ದು

2012ರಲ್ಲಿ ಹಿಗ್ಸ್ ಬೋಸಾನ್ ಸಿಕ್ಕಾಗ ಪತ್ರಿಕೆಗಳು ಅದನ್ನು ‘ದೇವಕಣ’ ಎಂದು ಕರೆದವು. ಹೆಸರು ಎಲ್ಲರ ಬಾಯಲ್ಲೂ ನಿಂತಿತು, ವಿಷಯ ಮಾತ್ರ ತಲುಪಲಿಲ್ಲ. ಆ ಕಣಕ್ಕೂ ದೇವರಿಗೂ ಸಂಬಂಧವಿಲ್ಲ. ಹಿಗ್ಸ್ ಒಡೆದಾಗ ಹೊರಬಿದ್ದ ಕಣಗಳ ಗುರುತುಗಳನ್ನು ಕೂಡಿಸಿ ನೋಡಿಯೇ ಅದು ಇದೆ ಎಂದು ನಿರ್ಧರಿಸಲಾಯಿತು.

ಆದ್ದರಿಂದ ವಿಜ್ಞಾನದ ಭಾಷಣ ಕೇಳುವಾಗ, ಲೇಖನ ಓದುವಾಗ ಎರಡು ಪ್ರಶ್ನೆಗಳನ್ನು ಇಟ್ಟುಕೊಳ್ಳಿ. ಉಪಕರಣದಲ್ಲಿ ನಿಜವಾಗಿ ದಾಖಲಾದದ್ದೇನು? ಅದಕ್ಕೆ ಬೇರೆ ಕಾರಣ ಇರಲು ಸಾಧ್ಯವೆ? ಇವುಗಳನ್ನು ಕೇಳಲು ಇಂಗ್ಲಿಷ್ ಬೇಕಿಲ್ಲ, ದೊಡ್ಡ ಯಂತ್ರವೂ ಬೇಕಿಲ್ಲ. ಭದ್ರಾವತಿಯ ಕನ್ನಡ ಶಾಲೆಯ ಕೊನೆಯ ಬೆಂಚಿನಿಂದಲೂ ಕೇಳಬಹುದು. ಉತ್ತರ ಸಿಕ್ಕ ಮೇಲೆ ಮನೆಯಲ್ಲಿ ತಮ್ಮನಿಗೋ ತಂಗಿಗೋ ನಿಮ್ಮದೇ ಮಾತಿನಲ್ಲಿ ಹೇಳಿ ನೋಡಿ. ನಿಮಗೆ ಎಷ್ಟು ಅರ್ಥವಾಗಿದೆ ಎಂಬುದು ಆಗ ನಿಮಗೇ ತಿಳಿಯುತ್ತದೆ.