ಚೋಕೋ: ಹೊನ್ನಿನ ಹೊಳೆಗಳ ಬಡನಾಡು

ದಕ್ಷಿಣ ಅಮೆರಿಕೆಯ ವಾಯವ್ಯ ಕೋನದಲ್ಲಿ, ಆಂಡಿಸ್ ಪರ್ವತಗಳ ಪಶ್ಚಿಮ ಶ್ರೇಣಿಗೂ ಶಾಂತಸಾಗರಕ್ಕೂ ನಡುವೆ, ಕೊಲಂಬಿಯ ದೇಶದ ಚೋಕೋ ಪ್ರಾಂತವು ದಟ್ಟವಾದ ವೃಷ್ಟಿವನವಾಗಿ ಹಬ್ಬಿಕೊಂಡಿದೆ. ಸಾಗರದಿಂದೆದ್ದ ಆರ್ದ್ರವಾಯುವು ಗಿರಿಪಂಕ್ತಿಗೆ ತಾಗಿ ಕರಗುವುದರಿಂದ, ಮುಖ್ಯಪಟ್ಟಣವಾದ ಕಿಬ್ದೋದಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾದ ಮಳೆ ಬೀಳುತ್ತದೆ. ಆಗುಂಬೆಯಲ್ಲಿ ಬಹುಮಟ್ಟಿಗೆ ಮಳೆಗಾಲದಲ್ಲಿಯೇ ಸುರಿದು ಮುಗಿಯುವಷ್ಟು ನೀರು ಇಲ್ಲಿ ಹನ್ನೆರಡು ತಿಂಗಳೂ ಸುರಿಯುತ್ತಿರುತ್ತದೆ. ಇಂತಹ ಊರಿನಲ್ಲಿ ಎಷ್ಟೋ ಮನೆಗಳಿಗೆ ನಲ್ಲಿಯ ನೀರು ಸರಿಯಾಗಿ ತಲುಪದೆ, ಕುಡಿಯುವುದಕ್ಕೆ ಸೂರಿನ ನೀರನ್ನೇ ಹಿಡಿದಿಡಬೇಕಾಗಿದೆಯೆಂದರೆ, ಅದು ಪ್ರಕೃತಿಯ ಲೋಪವಲ್ಲ, ಆಳಿದವರ ಔದಾಸೀನ್ಯ.

ಈ ನಾಡಿನ ನದಿಗಳ ಮರಳಿನಲ್ಲಿ ಚಿನ್ನವುಂಟು. ಅದನ್ನು ತೊಳೆದು ತೆಗೆಯುವುದಕ್ಕಾಗಿ ಸ್ಪೇನಿನವರು ಆಫ್ರಿಕದಿಂದ ಮನುಷ್ಯರನ್ನು ಸಂಕೋಲೆಯಲ್ಲಿ ತರಿಸಿದರು. ಚಿನ್ನದೊಡನೆ ಬೆರೆತು ಬರುತ್ತಿದ್ದ ಪ್ಲಾಟಿನಮ್ಮನ್ನು ಕಲಬೆರಕೆಗೆ ಎಡೆಗೊಡುವ ನಿಷ್ಪ್ರಯೋಜಕ ಲೋಹವೆಂದು ಬಗೆದು ಆಗ ಹೊಳೆಗೇ ಎಸೆಯಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಅದಕ್ಕೆ ಬೆಲೆ ಬಂದೊಡನೆ ವಿದೇಶೀಯ ಕಂಪನಿಯೊಂದು ಸಾನ್ ಹ್ವಾನ್ ನದಿಯ ದಡದ ಅಂದಗೋಯದಲ್ಲಿ ನೆಲೆಯೂರಿ, ದೈತ್ಯಾಕಾರದ ಯಂತ್ರದೋಣಿಗಳಿಂದ ಹೊಳೆಯ ಒಡಲನ್ನೇ ಬಗೆದು ಲೋಹವನ್ನು ಒಯ್ದಿತು. ಊರವರ ಪಾಲಿಗೆ ಉಳಿದುದು ಕಲ್ಲುರಾಶಿ.

1851ರ ಶಾಸನದಿಂದ ಬಿಡುಗಡೆ ಹೊಂದಿದ ದಾಸರ ಸಂತತಿಯವರೇ ಇಂದು ಇಲ್ಲಿಯ ಬಹುಸಂಖ್ಯಾತರು; ಅವರಿಗಿಂತಲೂ ಪ್ರಾಚೀನರಾದ ಎಂಬೆರಾ ಮತ್ತು ವೌನಾನ್ ಜನರು ಹೊಳೆಗಳ ಮೇಲ್ದಂಡೆಗಳಲ್ಲಿ ವಾಸಿಸುತ್ತಾರೆ. ಬಟೆಯಾ ಎಂಬ ಮರದ ಮರಿಗೆಯಲ್ಲಿ ಮರಳನ್ನು ಜಾಲಿಸುತ್ತ, ಬಾಳೆ ಬೆಳೆದು ಮೀನು ಹಿಡಿದು ಕಾಲಯಾಪನೆ ಮಾಡುವ ಈ ಜನ ಕೊಲಂಬಿಯದ ಕಡುಬಡವರ ಸಾಲಿನಲ್ಲಿದ್ದಾರೆ. 1993ರ ಎಪ್ಪತ್ತನೆಯ ಕಾನೂನು ಕರಿಯ ಸಮುದಾಯಗಳಿಗೆ ಭೂಮಿಯ ಸಾಮೂಹಿಕ ಒಡೆತನವನ್ನು ದೊರಕಿಸಿದುದು ನಿಜಕ್ಕೂ ದೊಡ್ಡ ಮಾತು. ಆದರೆ ಭೂಗರ್ಭದ ಖನಿಜಗಳು ಸರಕಾರದ ಸ್ವತ್ತು. ಕಾಡು ಜನರದು, ಅದರಡಿಯ ಹೊನ್ನು ಅವರದಲ್ಲ. ಆ ಹೊನ್ನಿನ ಮೇಲೆ ಕಣ್ಣಿಟ್ಟು ಬಂದ ಸಶಸ್ತ್ರ ಪಡೆಗಳು ಎಷ್ಟೋ ಹಳ್ಳಿಗಳನ್ನು ಬರಿದುಮಾಡಿದುವು. 2002ರ ಮೇ 2ರಂದು ಬೊಹಾಯಾದ ಇಗರ್ಜಿಯಲ್ಲಿ ಆಶ್ರಯ ಪಡೆದಿದ್ದ ನಿರಪರಾಧಿಗಳು, ಅವರಲ್ಲಿ ಅನೇಕರು ಎಳೆಯ ಮಕ್ಕಳು, ಎರಡು ಪಡೆಗಳ ಕಾಳಗದ ನಡುವೆ ಬಂದೆರಗಿದ ಸ್ಫೋಟಕಕ್ಕೆ ಬಲಿಯಾದರು.

ಅನಧಿಕೃತ ಗಣಿಗಳ ಪಾದರಸವು ಅತ್ರಾತೋ ನದಿಯ ಮೀನುಗಳನ್ನು ಸೇರಿ ಉಣ್ಣುವವರ ಮೈಗೆ ಇಳಿಯತೊಡಗಿದಾಗ, ದಡದ ಜನರು ನ್ಯಾಯಸ್ಥಾನದ ಮೊರೆಹೊಕ್ಕರು. 2016ರಲ್ಲಿ ಕೊಲಂಬಿಯದ ಸಂವಿಧಾನ ನ್ಯಾಯಾಲಯವು ನದಿಯೇ ಹಕ್ಕುಳ್ಳ ವ್ಯಕ್ತಿಯೆಂದು ಸಾರಿ, ಅದರ ರಕ್ಷಣೆಯ ಹೊಣೆಯನ್ನು ಸರಕಾರಕ್ಕೂ ದಡದ ಸಮುದಾಯಗಳಿಗೂ ಜಂಟಿಯಾಗಿ ವಹಿಸಿತು. ತೀರ್ಪಿನ ತರುವಾಯವೂ ಗಣಿಗಾರರ ಯಂತ್ರಗಳು ನದಿಯಿಂದ ಪೂರ್ತಿಯಾಗಿ ತೊಲಗಿಲ್ಲ. ಅವುಗಳ ಮೇಲೆ ಕಣ್ಣಿಟ್ಟು ದೂರು ಸಲ್ಲಿಸುವ ಕೆಲಸವನ್ನು ಪಾಲಕರಾಗಿ ನಿಯುಕ್ತರಾದ ಹಳ್ಳಿಗರು ತಮ್ಮ ಪ್ರಾಣಭಯದ ನಡುವೆಯೇ ನಡೆಸಬೇಕಾಗಿದೆ.