ಗಾಳ ಐದು ರೂಪಾಯಿ, ಮೀನು ಐದು ಕೆಜಿ

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹತ್ತುವವರನ್ನು ನೋಡಿದ್ದೀರಾ? ಹೂವಿನ ಕುಕ್ಕೆ, ಸೊಪ್ಪಿನ ಮೂಟೆ, ತವರಿಗೆ ಹೊರಟ ಹೆಣ್ಣುಮಗಳು. ಇವರ ನಡುವೆ ಉದ್ದನೆಯ ಬಟ್ಟೆ ಚೀಲ ಹಿಡಿದು ಹಿಂಬಾಗಿಲ ಕಂಬಕ್ಕೆ ಒರಗಿ ನಿಂತ ಇಬ್ಬರು ಮೂವರು ಇದ್ದೇ ಇರುತ್ತಾರೆ. ಚೀಲದೊಳಗೆ ಗಾಳದ ಕೋಲು. ಕಂಡಕ್ಟರ್ ಮಹಾಶಯರು ಪ್ರತಿ ವಾರವೂ ಒಂದೇ ಮಾತು ಕೇಳುತ್ತಾರೆ: "ಏನ್ ಸ್ವಾಮಿ, ಕೋಲಿಗೂ ಒಂದ್ ಟಿಕೆಟ್ ಹರೀಲಾ?" ಪ್ರತಿ ವಾರವೂ ಇವರು ನಗುತ್ತಾರೆ. ಸಂಜೆ ವಾಪಸು ಬರುವಾಗ ಮಾತ್ರ ಎಲ್ಲರ ಮುಖದಲ್ಲೂ ನಗು ಇರುವುದಿಲ್ಲ.

ಈ ಅಂಕಣ ಬರೆಯುವವನೂ ಅವರಲ್ಲಿ ಒಬ್ಬ ಅಂತ ಇವತ್ತು ಒಪ್ಪಿಕೊಂಡುಬಿಡುತ್ತೇನೆ. ಜೊತೆಗೆ ನನ್ನ ಸೋದರಳಿಯ. ಮೂರನೆಯವರು ನಮ್ಮ ಬೀದಿಯ ಟೈಲರು. ಬೀದಿಯವರಿಗೆಲ್ಲ ಅವರು 'ಮಾಸ್ಟ್ರು'. ದಾರ ಅಂದರೆ ಏನು ಅಂತ ನಲವತ್ತು ವರ್ಷದಿಂದ ಬೆರಳಲ್ಲಿ ತಿಳಿದವರು. ಅದು ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತೆ.

ಕಳೆದ ವರ್ಷ ಅಳಿಯ ಪೇಟೆಯ ಒಂದು ಅಂಗಡಿಯಲ್ಲಿ ಎರಡು ಸಾವಿರದ ಆರುನೂರು ಕೊಟ್ಟು ಒಂದು ಸೆಟ್ ತಂದ. ಕೋಲು, ರೀಲು, ದಾರ, ಗಾಳದ ಡಬ್ಬಿ, ಎಲ್ಲ ಒಟ್ಟಿಗೆ. ಅಂಗಡಿಯ ಹೆಸರು ಬೇಡ. ಮೊದಲ ಭಾನುವಾರವೇ ಹನ್ನೊಂದು ಗಂಟೆಗೆ ಕೋಲು ಬಿಲ್ಲಿನ ಹಾಗೆ ಬಾಗಿತು. ರೀಲು ಕಿರುಗುಟ್ಟಿತು. ನೀರಿನ ಮೇಲೆ ಒಂದು ಕ್ಷಣ ಕಂಡ ಬೆನ್ನು ನೋಡಿ ಮಾಸ್ಟ್ರು "ಐದು ಕೆಜಿಗೆ ಕಮ್ಮಿ ಇಲ್ಲ ಕಣಪ್ಪ, ಕಾಟ್ಲಾ" ಅಂದರು. ಅಷ್ಟರಲ್ಲಿ ಟಪ್ ಅಂತು. ಕೋಲು ನೆಟ್ಟಗಾಯಿತು. ಅಳಿಯನ ಮುಖ ನೋಡೋಕಾಗಲಿಲ್ಲ.

"ದಾರ ಕಳಪೆ ಮಾವ, ಅಂಗಡಿಯವನು ಮೋಸ ಮಾಡಿದ" ಅಂತ ಹುಡುಗ ಕೂಗಾಡಿದ. ಮಾಸ್ಟ್ರು ಮಾತಾಡದೆ ದಾರದ ತುದಿ ಹಿಡಿದು ಕಣ್ಣಿಗೆ ಹತ್ತಿರ ತಂದರು. ತುದಿ ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿತ್ತು. "ಇದು ಹರಿದಿದ್ದಲ್ಲ. ಗಂಟು ಜಾರಿದ್ದು. ಗಂಟು ಹಾಕಿದ್ದು ಯಾರು?"

ಹಾಕಿದ್ದು ನಾನು.

ಮನೆಯಲ್ಲಿ ಗೋಣಿಚೀಲದ ಬಾಯಿಗೆ ಹಾಕುತ್ತೇವಲ್ಲ, ಗಂಟಿನ ಮೇಲೊಂದು ಗಂಟು, ಅದನ್ನೇ ಹಾಕಿದ್ದೆ. ನೈಲಾನಿಗೆ ಅದು ಆಗುವುದಿಲ್ಲ. ಸಾದಾ ಗಂಟು ಬಿಗಿದ ಜಾಗದಲ್ಲಿ ದಾರದ ಬಲ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ, ಇಲ್ಲವೆ ನುಣುಪಿಗೆ ಜಾರುತ್ತೆ. ಸರಿಯಾದ ಗಂಟು ಕಷ್ಟದ್ದೇನಲ್ಲ. ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ. ತುದಿಯನ್ನು ಅದೇ ದಾರದ ಸುತ್ತ ಐದಾರು ಸುತ್ತು ಸುತ್ತಿ. ಗಾಳದ ಕಣ್ಣಿನ ಪಕ್ಕದಲ್ಲಿ ಉಳಿದ ಸಣ್ಣ ಕುಣಿಕೆಯೊಳಗೆ ತುದಿಯನ್ನು ವಾಪಸು ತೂರಿಸಿ. ಎಂಜಲು ಹಚ್ಚಿ ನಿಧಾನಕ್ಕೆ ಎಳೆಯಿರಿ. ಎಂಜಲು ಯಾಕೆ? ಒಣ ನೈಲಾನ್ ಉಜ್ಜಿಕೊಂಡರೆ ಆ ಬಿಸಿಗೇ ಸುಟ್ಟು ಬಲ ಕಳೆದುಕೊಳ್ಳುತ್ತೆ. ಸೂಜಿಗೆ ದಾರ ಪೋಣಿಸುವಾಗ ನಮ್ಮಜ್ಜಿ ಮಾಡುತ್ತಿದ್ದುದೂ ಇದೇ, ಕಾರಣ ಮಾತ್ರ ಬೇರೆ.

ಹಾಗಂತ ಅಂಗಡಿಯವರನ್ನು ಪೂರ್ತಿ ಬಿಟ್ಟುಕೊಡುವ ಹಾಗೂ ಇಲ್ಲ. ಮಾಸ್ಟ್ರು ಅದೇ ರೀಲಿನಿಂದ ಒಂದು ಮಾರು ದಾರ ಎಳೆದು, ಎರಡೂ ಕೈಗೆ ಟವೆಲ್ ಸುತ್ತಿಕೊಂಡು ಜಗ್ಗಿದರು. ಪಟಕ್ಕನೆ ಹೋಯಿತು. ಎಂಟು ಕೆಜಿ ಅಂತ ಚೀಟಿ ಅಂಟಿಸಿದ್ದ ದಾರ! ಹೋಗಿ ನೋಡಿದರೆ, ಪಡುವಣ ಬಿಸಿಲು ನೇರ ಬೀಳುವ ಶೋಕೇಸಿನಲ್ಲಿ ದಾರದ ಉಂಡೆಗಳು ತೋರಣದ ಹಾಗೆ ತೂಗುತ್ತಿದ್ದವು. ಬಿಸಿಲು ನೈಲಾನನ್ನು ತಿನ್ನುತ್ತೆ, ಹೊರಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಈ ಪತ್ರಿಕೆ ಓದುವ ಅಂಗಡಿ ಸಾಹುಕಾರರೇ, ದಾರವನ್ನು ದಯಮಾಡಿ ಡಬ್ಬಿಯಲ್ಲೋ ಒಳಗಿನ ಕಪಾಟಿನಲ್ಲೋ ಇಡಿ. ಕೊಳ್ಳುವವರೇ, ಗಾಜಿನ ಪಕ್ಕ ನೇತಾಡುವುದನ್ನು ಬಿಟ್ಟು ಒಳಗಿನದನ್ನು ಕೇಳಿ. ಒಂದು ಮೊಳ ಎಳೆದು ಉಗುರಿನ ಮೇಲೆ ಜಾರಿಸಿ. ತರಿ ತರಿ ಎಂದರೆ ಬೇಡ ಅನ್ನಿ.

ಈಗ ಎಷ್ಟು ದಪ್ಪದ್ದು ಕೊಳ್ಳಬೇಕು ಅನ್ನುವ ಪ್ರಶ್ನೆ. ನಮ್ಮ ಕಡೆಯ ಕೆರೆಗಳಲ್ಲಿ ಒಂದರಿಂದ ನಾಲ್ಕು ಕೆಜಿಯ ಗೆಂಡೆ ಜಾತಿಯ ಮೀನಿಗೆ 0.30ರಿಂದ 0.35 ಮಿಲಿಮೀಟರ್ ದಪ್ಪದ ಸಾದಾ ನೈಲಾನ್ ಸಾಕು. 0.35ರ ಒಳ್ಳೇ ದಾರ ಆರೇಳು ಕೆಜಿ ತಡೆಯುತ್ತೆ. ಈಗ ಹೆಣೆದ ದಾರವೂ ಬಂದಿದೆ. ತೆಳ್ಳಗೆ, ಬಲು ಗಟ್ಟಿ. ಆದರೆ ಅದು ಹಿಗ್ಗುವುದಿಲ್ಲ. ನೈಲಾನ್ ರಬ್ಬರಿನ ಹಾಗೆ ಒಂದಿಷ್ಟು ಹಿಗ್ಗಿ ಮೀನಿನ ಜಗ್ಗಾಟವನ್ನು ನುಂಗಿಕೊಳ್ಳುತ್ತೆ. ಹೊಸಬರ ಕೈಯ ಒರಟುತನವನ್ನೂ ನುಂಗಿಕೊಳ್ಳುತ್ತೆ. ಹೆಣೆದ ದಾರದಲ್ಲಿ ಆ ಕ್ಷಮೆ ಇಲ್ಲ. ಮೀನಿನ ತುಟಿ ಹರಿಯಬಹುದು, ನಿಮ್ಮ ಬೆರಳೂ ಕೊಯ್ಯಬಹುದು. ಇನ್ನು ರೀಲಿನ ಬಿಗಿ ತಿರುಪು: ದಾರದ ಬಲದ ಮೂರನೇ ಒಂದು ಪಾಲಿಗೆ ರೀಲು ದಾರ ಬಿಡಬೇಕು. ಎರಡು ಲೀಟರ್ ನೀರು ತುಂಬಿದ ಬಾಟಲಿಯನ್ನು ದಾರಕ್ಕೆ ಕಟ್ಟಿ ರೀಲಿನಿಂದ ಎತ್ತಿ ನೋಡಿ. ಆರು ಕೆಜಿ ದಾರದಲ್ಲಿ ಅಷ್ಟು ಭಾರಕ್ಕೆ ರೀಲು ಮೆಲ್ಲಗೆ ಬಿಡಲು ಶುರುಮಾಡಿದರೆ ಸರಿ.

ಗಾಳದ ನಂಬರಿನ ವಿಚಾರದಲ್ಲಿ ಹೊಸಬರು ಮೋಸಹೋಗುವುದು ಖಂಡಿತ. ಚಪ್ಪಲಿಯ ಹಾಗಲ್ಲ ಇದು, ನಂಬರ್ ಹೆಚ್ಚಿದಷ್ಟೂ ಗಾಳ ಚಿಕ್ಕದು. ಹತ್ತು ಚಿಕ್ಕದು, ಆರು ಅದಕ್ಕಿಂತ ದೊಡ್ಡದು, ಎರಡು ಇನ್ನೂ ದೊಡ್ಡದು. ಪಕ್ಕದಲ್ಲಿ ಸೊನ್ನೆ ಬರೆದಿದ್ದರೆ ಲೆಕ್ಕ ತಿರುಗಾಮುರುಗಾ, 2/0 ಅನ್ನುವುದು 1/0ಗಿಂತ ದೊಡ್ಡದು. ಕೆರೆಯ ಗೆಂಡೆಗೆ 6 ಅಥವಾ 8. ಅಗಲ ಬಾಯಿಯ ಕಾಟ್ಲಾಗೆ 4. ಮೊನೆ ನೋಡುವುದು ಹೇಗೆ ಅಂದರೆ, ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಕಚ್ಚಿಕೊಂಡು ನಿಂತರೆ ಹರಿತ, ಜಾರಿದರೆ ಎಸೆಯಿರಿ. ಎಸೆಯುವುದು ಅಂದರೆ ಕೆರೆ ಏರಿಯ ಮೇಲೆ ಅಲ್ಲ, ಬರಿಗಾಲಲ್ಲಿ ದನ ಮೇಯಿಸುವ ಮಕ್ಕಳು ಓಡಾಡುವ ಜಾಗ ಅದು.

ಕೋಲಿಗೆ ಬಹಳ ದುಡ್ಡು ಸುರಿಯಬೇಡಿ. ದಡದ ಹತ್ತಿರ ಸಣ್ಣ ಮೀನು ಹಿಡಿಯಲು ಬಿದಿರು ಕೋಲೇ ಧಾರಾಳ. ರೀಲು ಬೇಕೆಂದರೆ ಎಂಟೊಂಬತ್ತು ಅಡಿಯ ಗ್ಲಾಸ್ ಫೈಬರ್ ಕೋಲು ತಗೊಳ್ಳಿ. ತೂಕ ಜಾಸ್ತಿ, ಆದರೆ ಬಸ್ಸಿನ ನೂಕುನುಗ್ಗಲಿಗೆ ತಡೆಯುತ್ತೆ. ಕೋಲಿನ ಬಳೆಗಳ ಒಳಗೆ ಒಂದು ಚೂರು ಹತ್ತಿ ಹಾಯಿಸಿ ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಆ ಬಿರುಕು ನಿಮ್ಮ ದಾರವನ್ನು ಗರಗಸದ ಹಾಗೆ ಕೊಯ್ಯುತ್ತೆ. ಇದು ಮಾಸ್ಟ್ರು ಹೇಳಿಕೊಟ್ಟ ಪರೀಕ್ಷೆ. ಕಾರ್ಬನ್ ಕೋಲು ಹಗುರ, ಚಂದ. ಆದರೆ ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತೆ. ನಮ್ಮ ಕೆರೆ ಏರಿಗಳ ಪಕ್ಕದಲ್ಲೇ ಪಂಪ್‌ಸೆಟ್ಟಿನ ತಂತಿಗಳು ಜೋತುಬಿದ್ದಿರುತ್ತವೆ. ತಂತಿಯ ಕೆಳಗೆ ಕೋಲು ಬೀಸುವುದಿರಲಿ, ಎತ್ತಿ ಹಿಡಿದು ನಡೆಯಲೂ ಬೇಡಿ. ಗುಡುಗು ಕೇಳಿಸಿದ ಕೂಡಲೇ ಕೋಲು ಕೆಳಗಿಟ್ಟು ಏರಿಯಿಂದ ಇಳಿದುಬಿಡಿ.

ಇಷ್ಟೆಲ್ಲ ಸಾಮಾನು ಇದ್ದರೂ ಮೀನಿನ ಬಾಯಿ ಹೇಗಿದೆ ಅಂತ ತಿಳಿಯದಿದ್ದರೆ ದಂಡ. ಕಾಟ್ಲಾ ಮೇಲುಮುಖ ಬಾಯಿಯದು, ನೀರಿನ ಮೇಲ್ಪದರದಲ್ಲಿ ತಿನ್ನುತ್ತೆ. ರೋಹು ನಡುವೆ. ಮೃಗಾಲ್ ತಳದಲ್ಲಿ. ಸಾಮಾನ್ಯ ಗೆಂಡೆಯೂ ತಳದ್ದೇ. ಬಾಯಿಯ ಅಕ್ಕಪಕ್ಕ ಎರಡು ಜೊತೆ ಮೀಸೆ ಇಟ್ಟುಕೊಂಡು ಕೆಸರು ಕೆದಕುತ್ತೆ. ಇವುಗಳ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ. ಹಾಗಾಗಿ ಕಚ್ಚುವುದಿಲ್ಲ, ಹೀರುತ್ತವೆ. ಹೀರಿ, ಪರೀಕ್ಷೆ ಮಾಡಿ, ಬೇಡವೆಂದರೆ ಫೂ ಅಂತ ಊದಿ ಉಗುಳುತ್ತವೆ. ಬೆಂಡು ಎರಡು ಸಲ ಅಲುಗಿ ಸುಮ್ಮನಾಯಿತು ಅಂತ ನೀವು ಬೇಸರ ಪಡುತ್ತೀರಲ್ಲ, ಅಷ್ಟರಲ್ಲಿ ಮೀನು ನಿಮ್ಮ ರಾಗಿ ಉಂಡೆಯ ರುಚಿ ನೋಡಿ ಉಗುಳಿ ಹೋಗಿರುತ್ತೆ.

ಈ ಉಗುಳುವ ಬುದ್ಧಿಯ ಮೇಲೇ ಇಂಗ್ಲೆಂಡಿನಲ್ಲಿ ಇಬ್ಬರು, ಲೆನ್ನಿ ಮಿಡಲ್‌ಟನ್ ಮತ್ತು ಕೆವಿನ್ ಮ್ಯಾಡಕ್ಸ್, 1980ರ ಆಸುಪಾಸಿನಲ್ಲಿ ಒಂದು ಉಪಾಯ ಕಂಡುಹಿಡಿದರು. ಎರೆಯನ್ನು ಗಾಳಕ್ಕೆ ಚುಚ್ಚದೆ, ಗಾಳದಿಂದ ಕೂದಲಿನಷ್ಟು ತೆಳ್ಳನೆಯ ಎಳೆ ಇಳಿಬಿಟ್ಟು ಅದಕ್ಕೆ ಕಟ್ಟುವುದು. ಗಾಳ ಬರಿದಾಗಿ ಪಕ್ಕದಲ್ಲಿ ತೇಲಾಡುತ್ತೆ. ಮೀನು ಎರೆ ಹೀರಿದಾಗ ಗಾಳವೂ ಹಿಂದೆ ಹೋಗುತ್ತೆ; ಉಗುಳಿದಾಗ ಮೊನೆ ತುಟಿಗೆ ಸಿಕ್ಕುತ್ತೆ. ನಮ್ಮ ಪೇಟೆಯಲ್ಲಿ ಸ್ಪ್ರಿಂಗ್ ಗಾಳ ಅಂತ ಮಾರುತ್ತಾರಲ್ಲ, ಸುರುಳಿ ತಂತಿಗೆ ಹಿಟ್ಟು ಮೆತ್ತಿ ಸುತ್ತ ನಾಲ್ಕಾರು ಗಾಳ ಜೋತುಬಿಡುವುದು, ಅದರ ಯುಕ್ತಿಯೂ ಹೆಚ್ಚುಕಮ್ಮಿ ಇದೇ. ಹಿಟ್ಟು ಕರಗಿ ಉದುರುತ್ತೆ, ಕಾಟ್ಲಾ ಪುಡಿ ಹೀರುವಾಗ ಒಂದು ಗಾಳ ಒಳಗೆ ಹೋಗುತ್ತೆ. ಆದರೆ ನಾನು ಅದನ್ನು ಬಿಟ್ಟಿದ್ದೇನೆ. ಆರು ಗಾಳದಲ್ಲಿ ಒಂದು ಬಾಯಿಗೆ ಸಿಕ್ಕಿದರೆ ಉಳಿದ ಐದು ಮೀನಿನ ಕಣ್ಣಿಗೋ ಹೊಟ್ಟೆಗೋ ಚುಚ್ಚಿಕೊಳ್ಳುತ್ತವೆ. ಮರಿ ಮೀನು ಸಿಕ್ಕರೆ ಬಿಡುವ ಹಾಗೂ ಇಲ್ಲ, ಅದು ಬದುಕುವುದಿಲ್ಲ. ಮಾಸ್ಟ್ರ ಹೊಲಿಗೆ ದಾರದಲ್ಲಿ ಒಂದೇ ಒಂದು ಕೂದಲೆಳೆ ಕಟ್ಟಿ, ನೆನೆಸಿ ಬೇಯಿಸಿದ ಎರಡು ಮುಸುಕಿನ ಜೋಳದ ಕಾಳು ಪೋಣಿಸಿದರೆ ಕೆಲಸ ಆಗುತ್ತೆ. ಸುತ್ತ ಒಂದು ಹಿಡಿ ಕಡಲೆಕಾಯಿ ಹಿಂಡಿ ಎರಚಿ.

ಕೊನೆಗೆ ಜೋಡಣೆ. ಹೇಳಲೇಬೇಕಾದ ಕಥೆ ಇರುವುದು ಇಲ್ಲಿ.

ಗಂಟು ಕಲಿತ ಮೇಲೂ ಅಳಿಯ ಅದೇ ಬಿಸಿಲುಗೆಟ್ಟ ದಾರದಲ್ಲೇ ಇನ್ನೊಂದು ವಾರ ಹಾಕಿದ. "ದುಡ್ಡು ಕೊಟ್ಟಿದ್ದೀನಿ ಮಾವ, ಎಸೆಯೋದು ಹೇಗೆ?" ಸೀಸದ ಗುಂಡನ್ನು ದಾರಕ್ಕೆ ಬಿಗಿಯಾಗಿ ಕಟ್ಟಿದ್ದ. ಮತ್ತೆ ಮೀನು ಸಿಕ್ಕಿತು. ಈ ಸಲ ದಾರ ನಡುವೆ ತುಂಡಾಯಿತು. ಇಪ್ಪತ್ತು ಮಾರು ದಾರ, ಸೀಸ, ಗಾಳ ಎಲ್ಲ ಎಳೆದುಕೊಂಡು ಮೀನು ಜೊಂಡಿನೊಳಗೆ ನುಗ್ಗಿತು. ನಾಲ್ಕು ದಿನ ಬಿಟ್ಟು ಕೆರೆ ಗುತ್ತಿಗೆ ಹಿಡಿದ ಸಂಘದವರು ಹೇಳಿ ಕಳಿಸಿದರು. ಹೋದೆವು. ಜೊಂಡಿನಲ್ಲಿ ಒಂದು ನೀರುಕಾಗೆ ರೆಕ್ಕೆ, ಕಾಲು, ಕೊಕ್ಕು ಎಲ್ಲ ನಮ್ಮ ದಾರದಲ್ಲೇ ಸುತ್ತಿಕೊಂಡು ಸತ್ತು ತೂಗುತ್ತಿತ್ತು. ದಾರದ ಇನ್ನೊಂದು ತುದಿಯಲ್ಲಿ ಮೀನೂ ಸತ್ತಿತ್ತು. ನಾಲ್ಕೂವರೆ ಕೆಜಿ ಇದ್ದಿರಬೇಕು. ಆದರೆ ವಾಸನೆ ಹತ್ತಿತ್ತು, ಯಾರಿಗೂ ದಕ್ಕಲಿಲ್ಲ.

ಸಂಘದ ಹಿರಿಯರು ಬೈಯಲಿಲ್ಲ. "ಮರಿ ಬಿಟ್ಟಿದ್ದು ನಾವು ಸ್ವಾಮಿ" ಅಂದರು ಅಷ್ಟೆ. ಬಸ್ಸಿನ ಜನಕ್ಕೆ ಇದು ಗೊತ್ತಿರಲಿ: ಕಾಟ್ಲಾ, ರೋಹು, ಮೃಗಾಲ್ ನಮ್ಮ ಕೆರೆಯ ಹುಟ್ಟು ಮಕ್ಕಳಲ್ಲ, ಗಂಗಾ ಸೀಮೆಯ ಹೊಳೆ ಮೀನುಗಳು. ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅವರು ಚುಚ್ಚುಮದ್ದು ಕೊಟ್ಟು ಈ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆ ಮರಿ ಸಾಕುವುದು ಸುಲಭವಾಯಿತು. ಸಂಘದವರು ಮರಿಯನ್ನು ದುಡ್ಡು ಕೊಟ್ಟು ತಂದು ಬಿಡುತ್ತಾರೆ. ಸಾಮಾನ್ಯ ಗೆಂಡೆ ಮಾತ್ರ ಜೊಂಡಿಗೆ ಮೊಟ್ಟೆ ಅಂಟಿಸಿ ತಾನಾಗಿ ಬೆಳೆಯುತ್ತೆ. ಅದೂ ಹೊರಗಿನದೇ, 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ಬಂದದ್ದು, 1957ರಲ್ಲಿ ಬ್ಯಾಂಕಾಕಿನ ತಳಿ ಬಂತು. ಆದ್ದರಿಂದ ಕೇಳದೆ ಗಾಳ ಹಾಕುವುದು ಇನ್ನೊಬ್ಬರ ಕೋಳಿ ಹಿಡಿದ ಹಾಗೆ. ನಾವು ಕೇಳಿಯೇ ಹಾಕಿದ್ದೆವು, ಅಷ್ಟು ಪುಣ್ಯ. ರಂಗನತಿಟ್ಟಿನಂಥ ಅಭಯಾರಣ್ಯದಲ್ಲಂತೂ ಕೇಳುವ ಮಾತೇ ಇಲ್ಲ.

ಈಗ ನಾವು ಕಟ್ಟುವ ಕ್ರಮ ಹೀಗಿದೆ. ತೂತಿರುವ ಗುಂಡನ್ನು ರೀಲಿನ ದಾರದಲ್ಲಿ ಸಡಿಲವಾಗಿ ಓಡಾಡಲು ಬಿಡುತ್ತೇವೆ. ಅದರ ಕೆಳಗೆ ಒಂದು ಮಣಿ, ಆಮೇಲೆ ತಿರುಗುವ ಕೊಂಡಿ. ಕೊಂಡಿಗೆ ಒಂದು ಗೇಣು ದಾರ, ಅದರ ತುದಿಗೆ ಗಾಳ. ಈ ಗೇಣು ದಾರ ರೀಲಿನ ದಾರಕ್ಕಿಂತ ಕಮ್ಮಿ ಬಲದ್ದಾಗಿರಬೇಕು, ಅಲ್ಲಿ ಆರು ಕೆಜಿ ಇದ್ದರೆ ಇಲ್ಲಿ ನಾಲ್ಕು. ಬುಡಕ್ಕೋ ಕಲ್ಲಿಗೋ ಸಿಕ್ಕಿದರೆ, ಮೀನು ಮೇಲುಗೈಯಾದರೆ, ಹರಿಯುವುದು ಆ ಗೇಣು ಮಾತ್ರ. ಉಳಿದ ದಾರ ಕೈಗೆ ವಾಪಸು ಬರುತ್ತೆ. ಗಾಳದ ಮುಳ್ಳುಕೊಂಡಿಯನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದೇವೆ. ದಾರ ಸಡಿಲ ಬಿಡದಿದ್ದರೆ ಮೀನೇನೂ ತಪ್ಪುವುದಿಲ್ಲ, ಬಿಡುವಾಗ ಸಲೀಸು. ಸೀಸದ ವಿಚಾರಕ್ಕೆ ಬಂದರೆ, ಹಂಸಗಳು ಅದನ್ನು ನುಂಗಿ ವಿಷವೇರಿ ಸಾಯುತ್ತವೆಂದು ಇಂಗ್ಲೆಂಡಿನಲ್ಲಿ 1987ರಿಂದ ಸಣ್ಣ ಸೀಸದ ಗುಂಡುಗಳ ಮಾರಾಟ ನಿಲ್ಲಿಸಿದ್ದಾರೆ. ಅಳಿಯ ಗ್ಯಾರೇಜಿನಿಂದ ಹಳೇ ಕಬ್ಬಿಣದ ನಟ್ಟುಗಳನ್ನು ತಂದಿದ್ದಾನೆ. ತೂತು ಇದ್ದೇ ಇರುತ್ತೆ, ಕಾಸಿಲ್ಲ.

ಹೊಸ ದಾರ ನೂರಾ ಎಂಬತ್ತು ರೂಪಾಯಿ ಆಯಿತು. ಹಳೆಯದನ್ನು ಮಾಸ್ಟ್ರು ಅಂಗಡಿಯ ಕತ್ತರಿಯಲ್ಲಿ ಬೆರಳುದ್ದ ಬೆರಳುದ್ದ ಕತ್ತರಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾ ಕೂತಿದ್ದರು. ಅರ್ಧ ಗಂಟೆ ಹಿಡಿಯಿತು. ಬ್ಲೌಸು ಕೇಳಲು ಬಂದ ಹೆಂಗಸು "ಇದೇನ್ ಮಾಸ್ಟ್ರೆ, ನನ್ ಬಟ್ಟೆ ಬಿಟ್ಟು ಇದನ್ನ ಕತ್ತರಿಸ್ತಾ ಕೂತಿದ್ದೀರ?" ಅಂತ ರೇಗಿದರು. "ಬುಧವಾರ ಬನ್ನಿ ತಾಯಿ" ಅಂದರು ಮಾಸ್ಟ್ರು, ತಲೆ ಎತ್ತದೆ.