ಟ್ರ್ಯಾಕ್ಟರ್ ಚಾಲನಾ ಪರೀಕ್ಷೆಗೆ ಸಿದ್ಧತೆ

ಹೊಲದಲ್ಲಿ ಹತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದ ರೈತರೂ ಲೈಸೆನ್ಸಿನ ಪರೀಕ್ಷೆಯೆಂದರೆ ಹಿಂಜರಿಯುವುದುಂಟು. 'ನೇಗಿಲು ಕಟ್ಟಿ ನೆಟ್ಟಗೆ ಸಾಲು ಹೊಡೆಯುವವನಿಗೆ ರಸ್ತೆ ಯಾವ ಲೆಕ್ಕ?' ಎಂಬ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ. ಆದರೆ ಹೊಲದ ಚಾಲನೆಯೇ ಬೇರೆ, ರಸ್ತೆಯ ಚಾಲನೆಯೇ ಬೇರೆ. ಹೊಲದಲ್ಲಿ ಎದುರಿಗೆ ಬರುವವರಿಲ್ಲ, ಹಿಂದಿನಿಂದ ದಾಟುವವರಿಲ್ಲ. ರಸ್ತೆಯಲ್ಲಿ ಬಸ್ಸು, ಲಾರಿ, ಸೈಕಲ್ಲು, ಶಾಲೆಗೆ ಹೋಗುವ ಮಕ್ಕಳು, ದನಕರು ಎಲ್ಲವೂ ಇರುತ್ತವೆ. ಇವುಗಳ ನಡುವೆ ಸುರಕ್ಷಿತವಾಗಿ ಸಾಗಬಲ್ಲನೇ ಎಂಬುದನ್ನು ನೋಡುವುದೇ ಚಾಲನಾ ಪರೀಕ್ಷೆಯ ಉದ್ದೇಶ. ಸರಿಯಾದ ಸಿದ್ಧತೆ ಇದ್ದಲ್ಲಿ ಇದರಲ್ಲಿ ತೇರ್ಗಡೆಯಾಗುವುದು ಕಷ್ಟವಲ್ಲ.

ಲೈಸೆನ್ಸು ಏಕೆ ಬೇಕು?

ಕಬ್ಬು ಸಾಗಿಸುವಾಗಲೋ ಸಂತೆಗೆ ಮೂಟೆ ಒಯ್ಯುವಾಗಲೋ ಅಪಘಾತವಾಗಿ ಒಬ್ಬರು ಸತ್ತರೆನ್ನಿ. ನ್ಯಾಯಮಂಡಳಿ ವಿಧಿಸುವ ಪರಿಹಾರ ಹಲವು ಲಕ್ಷ ರೂಪಾಯಿಗಳಾಗಬಹುದು. ಚಾಲಕನಿಗೆ ಲೈಸೆನ್ಸು ಇಲ್ಲದಿದ್ದರೆ, ವಿಮಾ ಕಂಪನಿ ತಾನು ಕೊಟ್ಟ ಹಣವನ್ನು ಟ್ರ್ಯಾಕ್ಟರಿನ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ನ್ಯಾಯಾಲಯಗಳು ಅವಕಾಶ ಕೊಡುತ್ತವೆ. ಕೆಟ್ಟುಹೋದ ಟ್ರ್ಯಾಕ್ಟರಿನ ದುರಸ್ತಿಗೂ ವಿಮೆಯ ಹಣ ಸಿಗುವುದು ದುರ್ಲಭ. ವಿಮಾ ಕಂತನ್ನು ತಪ್ಪದೆ ಕಟ್ಟಿದ ರೈತನೂ ಈ ಒಂದು ಲೋಪದಿಂದ ಜಮೀನು ಮಾರಬೇಕಾದ ಸ್ಥಿತಿಗೆ ಬರಬಹುದು.

ಮೋಟಾರು ವಾಹನ ಕಾಯ್ದೆ, ೧೯೮೮ಕ್ಕೆ ೨೦೧೯ರಲ್ಲಿ ಆದ ತಿದ್ದುಪಡಿಯಂತೆ, ಲೈಸೆನ್ಸಿಲ್ಲದೆ ಓಡಿಸಿದವನಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ ೫,೦೦೦ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಂಥವನ ಕೈಗೆ ಟ್ರ್ಯಾಕ್ಟರ್ ಕೊಟ್ಟ ಮಾಲೀಕನಿಗೂ ಇದೇ ಶಿಕ್ಷೆ. ೧೮ ವರ್ಷ ತುಂಬದ ಹುಡುಗರಿಗೆ ಟ್ರ್ಯಾಕ್ಟರ್ ಕೊಟ್ಟು ಅವರಿಂದ ಅಪರಾಧವಾದರೆ ಶಿಕ್ಷೆ ಇನ್ನೂ ಕಠಿಣ. ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ೨೫,೦೦೦ ರೂಪಾಯಿ ದಂಡವಿದೆ. ವಾಹನದ ನೋಂದಣಿ ೧೨ ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ ೨೫ ವರ್ಷ ತುಂಬುವವರೆಗೆ ಲೈಸೆನ್ಸು ಸಿಗುವುದಿಲ್ಲ. 'ಮಗ ಚೆನ್ನಾಗಿ ಓಡಿಸುತ್ತಾನೆ' ಎಂದು ಹೆಮ್ಮೆಪಡುವ ತಂದೆಯರು ಇದನ್ನು ಮರೆಯಬಾರದು.

ಯಾವ ಲೈಸೆನ್ಸು?

ಮೋಟಾರು ಸೈಕಲ್ಲಿನ ಲೈಸೆನ್ಸು ಇದ್ದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ದ್ವಿಚಕ್ರ ವಾಹನದ ಲೈಸೆನ್ಸಿನಲ್ಲಿ ಟ್ರ್ಯಾಕ್ಟರ್ ಓಡಿಸುವಂತಿಲ್ಲ. ಖಾಲಿ ತೂಕ ೭,೫೦೦ ಕಿಲೋಗ್ರಾಂ ಮೀರದ ಟ್ರ್ಯಾಕ್ಟರನ್ನು ಕಾಯ್ದೆಯು ಲಘು ಮೋಟಾರು ವಾಹನದ ವ್ಯಾಖ್ಯೆಯಲ್ಲಿ ಸೇರಿಸಿದೆ. ನಮ್ಮ ರೈತರ ಟ್ರ್ಯಾಕ್ಟರುಗಳೆಲ್ಲ ಈ ಮಿತಿಯೊಳಗೇ ಬರುತ್ತವೆ. ಅರ್ಜಿ ಹಾಕುವಾಗ ವಾಹನದ ವರ್ಗವನ್ನು ಸರಿಯಾಗಿ ನಮೂದಿಸಿ, ಲೈಸೆನ್ಸು ಕೈಗೆ ಬಂದ ಮೇಲೂ ಅದನ್ನು ಓದಿ ನೋಡಬೇಕು. ಮಧ್ಯವರ್ತಿಗಳಿಗೆ ಕಾಗದ ಒಪ್ಪಿಸಿ ಸುಮ್ಮನಿದ್ದವರಿಗೆ ಬೇರೆ ವರ್ಗದ ಲೈಸೆನ್ಸು ಬರುವ ಸಂಭವವಿದೆ.

ಮೊದಲ ಹಂತ: ಕಲಿಕಾ ಲೈಸೆನ್ಸು

ಟ್ರ್ಯಾಕ್ಟರಿಗೆ ೧೮ ವರ್ಷ ತುಂಬಿರಬೇಕು. ಸ್ವಂತ ಕೃಷಿಯ ಟ್ರ್ಯಾಕ್ಟರ್ ಓಡಿಸಲು ಇಂತಿಷ್ಟು ಓದಿರಬೇಕೆಂಬ ನಿಯಮವಿಲ್ಲ. ವಯಸ್ಸು ಮತ್ತು ವಿಳಾಸದ ದಾಖಲೆಗಳು ಬೇಕು. ೪೦ ವರ್ಷ ದಾಟಿದವರು ವೈದ್ಯರ ಪ್ರಮಾಣಪತ್ರವನ್ನೂ ಕೊಡಬೇಕು. ಅರ್ಜಿಯನ್ನು 'ಸಾರಥಿ' ಜಾಲತಾಣದ ಮೂಲಕ ಸಲ್ಲಿಸಬಹುದು.

ಈ ಹಂತದಲ್ಲಿ ರಸ್ತೆ ನಿಯಮಗಳ ಬಗ್ಗೆ ಸುಲಭವಾದ ಪರೀಕ್ಷೆ ಇರುತ್ತದೆ. ನೂರಕ್ಕೆ ಅರವತ್ತರಷ್ಟು ಪ್ರಶ್ನೆಗಳಿಗಾದರೂ ಸರಿಯುತ್ತರ ಕೊಡಬೇಕು. ಈ ವಿಷಯಗಳನ್ನು ಚೆನ್ನಾಗಿ ತಿಳಿದಿರಬೇಕು:

೧. ರಸ್ತೆ ಫಲಕಗಳು: ದುಂಡನೆಯ ಫಲಕ ಕಡ್ಡಾಯವಾಗಿ ಪಾಲಿಸಬೇಕಾದ ಆಜ್ಞೆ. ತ್ರಿಕೋನ ಫಲಕ ಎಚ್ಚರಿಕೆ. ಆಯತಾಕಾರದ ಫಲಕ ಮಾಹಿತಿ. ಆಕಾರವನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

೨. ಕೈ ಸನ್ನೆಗಳು: ಬಲಕ್ಕೆ ತಿರುಗುವಾಗ ಬಲಗೈಯನ್ನು ಅಂಗೈ ಮುಂದಾಗಿಸಿ ನೇರ ಚಾಚಬೇಕು. ನಿಧಾನಿಸುವಾಗ ಚಾಚಿದ ಕೈಯನ್ನು ಅಂಗೈ ಕೆಳಗಾಗಿಸಿ ಮೇಲೆ ಕೆಳಗೆ ಆಡಿಸಬೇಕು. ನಿಲ್ಲಿಸುವಾಗ ಮುಂಗೈಯನ್ನು ನೆಟ್ಟಗೆ ಮೇಲೆತ್ತಬೇಕು.

೩. ಅಪಘಾತವಾದಾಗ ಚಾಲಕನ ಕರ್ತವ್ಯ: ಗಾಯಗೊಂಡವರಿಗೆ ಕೂಡಲೇ ವೈದ್ಯರ ನೆರವು ಒದಗಿಸಬೇಕು. ಪೊಲೀಸ್ ಠಾಣೆಗೆ ಆದಷ್ಟು ಬೇಗ, ತಡವೆಂದರೆ ೨೪ ಗಂಟೆಯೊಳಗೆ, ವಿಷಯ ತಿಳಿಸಬೇಕು. ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಬೇಕು.

ಎರಡನೆಯ ಹಂತ: ಅಭ್ಯಾಸ

ಕಲಿಕಾ ಲೈಸೆನ್ಸು ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. ಅದು ಸಿಕ್ಕಿ ೩೦ ದಿನ ಕಳೆದ ಮೇಲೆ ಮಾತ್ರ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಈ ಮೂವತ್ತು ದಿನಗಳನ್ನು ವ್ಯರ್ಥ ಮಾಡದೆ ಅಭ್ಯಾಸಕ್ಕೆ ಬಳಸಿಕೊಳ್ಳಬೇಕು. ವಾಹನದ ಮುಂದೆ ಮತ್ತು ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು 'ಎಲ್' ಫಲಕ ಹಾಕಬೇಕು. ರಸ್ತೆಗೆ ತರುವಾಗ ಪೂರ್ಣ ಲೈಸೆನ್ಸು ಇದ್ದವರು ಜೊತೆಗಿದ್ದು ಕಲಿಸಬೇಕೆಂಬುದು ನಿಯಮ. ಆದುದರಿಂದ ಹೆಚ್ಚಿನ ಅಭ್ಯಾಸವನ್ನು ಕೊಯ್ಲಾದ ಹೊಲದಲ್ಲಿ ಅಥವಾ ಸಮತಟ್ಟಾದ ಬಯಲಿನಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಕಲಿಸುವವರು ಮಡ್‌ಗಾರ್ಡಿನ ಮೇಲೆ ಕೂರಬಾರದು. ಒಂದು ಕುಲುಕಾಟಕ್ಕೆ ಜಾರಿ ದೊಡ್ಡ ಚಕ್ರದಡಿ ಬೀಳುವ ಅಪಾಯವಿದೆ.

ಹೊಲದ ಕೆಲಸದಲ್ಲಿ ರೂಢಿಯಾದ ಕೆಲವು ಅಭ್ಯಾಸಗಳನ್ನು ರಸ್ತೆಗೆ ಬರುವ ಮೊದಲು ಬಿಡಬೇಕಾಗುತ್ತದೆ:

೧. ಬ್ರೇಕಿನ ಕೊಂಡಿ: ಹೊಲದಲ್ಲಿ ಸಾಲಿನ ಕೊನೆಗೆ ತಿರುಗಿಸಲು ಎಡ, ಬಲ ಬ್ರೇಕುಗಳನ್ನು ಬೇರೆ ಬೇರೆಯಾಗಿ ತುಳಿಯುತ್ತೇವೆ. ರಸ್ತೆಯಲ್ಲಿ ವೇಗದಲ್ಲಿದ್ದಾಗ ಒಂದೇ ಬ್ರೇಕು ತುಳಿದರೆ ಟ್ರ್ಯಾಕ್ಟರ್ ಒಂದೇ ಪಕ್ಕಕ್ಕೆ ಎಳೆದು ಮಗುಚಬಹುದು. ಎರಡು ಪೆಡಲುಗಳನ್ನೂ ಕೊಂಡಿಯಿಂದ ಜೋಡಿಸಿಯೇ ರಸ್ತೆಗೆ ಬರಬೇಕು.

೨. ಕ್ಲಚ್ಚಿನ ಮೇಲೆ ಕಾಲು: ಸದಾ ಕಾಲಿಟ್ಟುಕೊಂಡು ಓಡಿಸಿದರೆ ಕ್ಲಚ್ ಪ್ಲೇಟು ಬೇಗ ಸವೆಯುತ್ತದೆ. ಗೇರು ಬದಲಿಸುವಾಗ ಮತ್ತು ನಿಲ್ಲಿಸುವಾಗ ಮಾತ್ರ ಕಾಲಿಡಬೇಕು.

೩. ಕೈ ಆಕ್ಸಿಲರೇಟರ್: ಇದು ಹೊಲದ ಕೆಲಸಕ್ಕೆ. ರಸ್ತೆಯಲ್ಲಿ ಕಾಲಿನ ಆಕ್ಸಿಲರೇಟರನ್ನೇ ಬಳಸಬೇಕು. ಕಾಲು ತೆಗೆದ ಕೂಡಲೇ ವೇಗ ಇಳಿಯುತ್ತದೆ.

೪. ಇಳಿಜಾರು: ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿಸುವುದು ಪ್ರಾಣಾಪಾಯದ ಕೆಲಸ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬರಬೇಕು.

೫. ಡಿಫರೆನ್ಷಿಯಲ್ ಲಾಕ್: ಕೆಸರಿನಿಂದ ಹೊರಬಂದ ಕೂಡಲೇ ಬಿಡಿಸಬೇಕು. ಅದು ಹಾಕಿದ್ದರೆ ತಿರುವಿನಲ್ಲಿ ಟ್ರ್ಯಾಕ್ಟರ್ ತಿರುಗದು.

ಹಿಮ್ಮುಖ ಚಾಲನೆಗೆ ವಿಶೇಷ ಗಮನ ಕೊಡಬೇಕು. ಎರಡು ಗೂಟ ನೆಟ್ಟು ಅವುಗಳ ನಡುವೆ ಹಿಂದಕ್ಕೆ ನುಗ್ಗಿಸಿ ನಿಲ್ಲಿಸುವುದನ್ನು ದಿನವೂ ಹತ್ತು ಬಾರಿ ಮಾಡಿದರೆ ಕೈ ಕುದುರುತ್ತದೆ. ಮೊದಲು ಬರೀ ಟ್ರ್ಯಾಕ್ಟರಿನಲ್ಲಿ, ಅನಂತರ ಟ್ರೇಲರ್ ಕಟ್ಟಿ ಕಲಿಯಬೇಕು. ಎರಡು ಚಕ್ರದ ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಮೊದಲು ಬಲಕ್ಕೆ ತಿರುಗಿಸಬೇಕೆಂಬುದು ಇದರ ಗುಟ್ಟು.

ಪರೀಕ್ಷೆಯ ದಿನ

ಟ್ರ್ಯಾಕ್ಟರನ್ನು ಅಭ್ಯರ್ಥಿಯೇ ತರಬೇಕು. ಹಿಂದಿನ ದಿನವೇ ಬ್ರೇಕು, ದೀಪ, ಹಾರನ್, ಕನ್ನಡಿ, ಟೈರುಗಳನ್ನು ಪರೀಕ್ಷಿಸಿಕೊಳ್ಳಬೇಕು. ಕಲಿಕಾ ಲೈಸೆನ್ಸು, ನೋಂದಣಿ ಪತ್ರ ಮತ್ತು ಚಾಲ್ತಿಯಲ್ಲಿರುವ ವಿಮಾ ಪತ್ರ ಜೊತೆಗಿರಲಿ.

ಮೋಟಾರು ವಾಹನ ನಿರೀಕ್ಷಕರು ವೇಗವನ್ನು ನೋಡುವುದಿಲ್ಲ, ಹತೋಟಿಯನ್ನು ನೋಡುತ್ತಾರೆ. ಆತುರಪಡದೆ ಆಸನದಲ್ಲಿ ಸರಿಯಾಗಿ ಕುಳಿತು ಕನ್ನಡಿಯನ್ನು ಹೊಂದಿಸಿಕೊಳ್ಳಿ. ಗೇರು ನ್ಯೂಟ್ರಲ್‌ನಲ್ಲಿದೆಯೇ, ಪಿ.ಟಿ.ಓ. ಬಿಡಿಸಿದೆಯೇ ಎಂದು ನೋಡಿ ಎಂಜಿನ್ ಚಾಲೂ ಮಾಡಿ. ಹೊರಡುವ ಮೊದಲು ಹಿಂದೆ ಮುಂದೆ ನೋಡಿ, ಸನ್ನೆ ಕೊಟ್ಟು, ಜಗ್ಗದಂತೆ ಮುಂದೆ ಸಾಗಿ. ರಸ್ತೆಯ ಎಡಬದಿಯಲ್ಲೇ ಇರಿ. ತಿರುವಿಗೆ ಮುಂಚೆಯೇ ಸನ್ನೆ ಕೊಡಿ. ತಿರುಗಿದ ಮೇಲೆ ಕೈ ತೋರಿಸಿ ಪ್ರಯೋಜನವಿಲ್ಲ. ನಿಲ್ಲಿಸಲು ಹೇಳಿದಾಗ ಗೆರೆ ದಾಟದಂತೆ ನಿಲ್ಲಿಸಿ. ಹಿಂದಕ್ಕೆ ತರುವಾಗ ಕನ್ನಡಿಯನ್ನಷ್ಟೇ ನಂಬದೆ ತಿರುಗಿ ನೋಡಿ. ನುರಿತ ಚಾಲಕರು ಸಾಮಾನ್ಯವಾಗಿ ಎಡವುವುದು ಇಂಥ ಸಣ್ಣ ಸಂಗತಿಗಳಲ್ಲಿಯೇ.

ಒಮ್ಮೆ ತೇರ್ಗಡೆಯಾಗದಿದ್ದರೆ ನಿರಾಶೆ ಬೇಡ. ಏಳು ದಿನಗಳ ನಂತರ ಮತ್ತೆ ಹಾಜರಾಗಬಹುದು. ಮೂರು ಬಾರಿಯೂ ಆಗದಿದ್ದರೆ ೬೦ ದಿನ ಕಾಯಬೇಕು ಮತ್ತು ಪೂರಕ ತರಬೇತಿ ಪಡೆಯಬೇಕು.

ಲೈಸೆನ್ಸು ಬಂದ ಮೇಲೆ

೩೦ ವರ್ಷದೊಳಗಿನವರಿಗೆ ಸಿಗುವ ಲೈಸೆನ್ಸು ೪೦ ವರ್ಷ ತುಂಬುವವರೆಗೆ ಇರುತ್ತದೆ. ೩೦ರಿಂದ ೫೦ರೊಳಗಿನವರಿಗೆ ಹತ್ತು ವರ್ಷ. ಅವಧಿ ಮುಗಿದ ದಿನದಿಂದಲೇ ಅದು ನಡೆಯದು. ಮುಗಿದು ಒಂದು ವರ್ಷ ಮೀರಿದರೆ ಮತ್ತೆ ಪರೀಕ್ಷೆ ಕೊಡಬೇಕು. ಆದ್ದರಿಂದ ಮುಗಿಯುವ ತಾರೀಖನ್ನು ಮನೆಯ ಪಂಚಾಂಗದಲ್ಲಿ ಗುರುತು ಹಾಕಿಡುವುದು ಲೇಸು.

ಲೈಸೆನ್ಸು ಇದೆಯೆಂದು ಟ್ರೇಲರಿನಲ್ಲಿ ಜನರನ್ನು ತುಂಬಿಕೊಂಡು ಜಾತ್ರೆಗೋ ಮದುವೆಗೋ ಹೋಗಬಾರದು. ಕೃಷಿ ಟ್ರ್ಯಾಕ್ಟರಿನ ವಿಮೆ ಅಂಥ ಪ್ರಯಾಣಿಕರಿಗೆ ರಕ್ಷಣೆ ಕೊಡುವುದಿಲ್ಲ. ಕಬ್ಬಿನ ಹೇರು ಹಿಂದಿನ ದೀಪಗಳನ್ನು ಮುಚ್ಚುವುದರಿಂದ, ರಾತ್ರಿ ಸಾಗಿಸುವಾಗ ಹೇರಿನ ಹಿಂಬದಿಗೆ ಕೆಂಪು ಪ್ರತಿಫಲಕಗಳನ್ನು ಕಾಣುವಂತೆ ಕಟ್ಟಬೇಕು.

ರೈತ ಬಾಂಧವರೇ, ಟ್ರ್ಯಾಕ್ಟರ್ ಕೊಳ್ಳಲು ಸಾಲ ಮಾಡುತ್ತೇವೆ, ವಿಮೆ ಕಟ್ಟುತ್ತೇವೆ, ಹಬ್ಬಕ್ಕೆ ಪೂಜೆಯನ್ನೂ ಮಾಡುತ್ತೇವೆ. ಇಷ್ಟೆಲ್ಲ ಮಾಡಿ ಲೈಸೆನ್ಸನ್ನು ಮಾತ್ರ ನಾಳೆಗೆ ಬಿಡುವುದು ಬೇಲಿ ಕಟ್ಟಿ ಗೇಟು ತೆರೆದಿಟ್ಟಂತೆ. ಬೇಸಿಗೆಯಲ್ಲಿ ಕೆಲಸ ಕಡಿಮೆಯಿರುವಾಗಲೇ ಕಲಿಕಾ ಲೈಸೆನ್ಸಿಗೆ ಅರ್ಜಿ ಹಾಕಿ, ಒಂದು ತಿಂಗಳು ಶ್ರದ್ಧೆಯಿಂದ ಅಭ್ಯಾಸ ಮಾಡಿ, ಮುಂಗಾರಿನ ಉಳುಮೆಗೆ ಮೊದಲು ಲೈಸೆನ್ಸು ಪಡೆಯಿರಿ. ಮನೆಯಲ್ಲಿ ಟ್ರ್ಯಾಕ್ಟರ್ ಓಡಿಸುವ ಪ್ರತಿಯೊಬ್ಬರಿಗೂ, ಕೂಲಿಯ ಚಾಲಕನಿಗೂ, ಲೈಸೆನ್ಸು ಇರಲಿ.